ಚಿತ್ತರಂಜನ ಶೆಟ್ಟರ ಹೋಟೆಲಿನ ಹೊಸ ಗಿರಾಕಿಗಳು

ಪಂಪ್‌ವೆಲ್ ಬದಿಯ ಚಿತ್ತರಂಜನ ಶೆಟ್ಟರ ಹೋಟೆಲಿನಲ್ಲಿ ನೌಕರರು ಅಂತ ಯಾರೂ ಇರಲಿಲ್ಲ, ಇದ್ದವರೆಲ್ಲ ಮನೆಮಕ್ಕಳು. ಹಾಗಂತ ಶೆಟ್ಟರೇ ಹೇಳುತ್ತಿದ್ದರು. ಮನೆಮಕ್ಕಳಿಗೆ ನೇಮಕದ ಪತ್ರ ಯಾರಾದರೂ ಕೊಡುತ್ತಾರೆಯೇ? ವಾರದ ರಜೆ ಕೊಡುತ್ತಾರೆಯೇ? ಅಂಥ ಪರಕೀಯ ಕೆಲಸ ಶೆಟ್ಟರ ಕೈಯಿಂದ ಒಂದು ದಿನವೂ ಆಗಿರಲಿಲ್ಲ.

ಕ್ಯಾಶಿನಲ್ಲಿ ಕೂರುವ ಅಶ್ಮಿತಾ ಬಸುರಿಯಾದಳು. ಏಳು ತುಂಬಿದಾಗ ಹೆರಿಗೆ ರಜೆ ಕೇಳಿದಳು, ಸಂಬಳ ಸಮೇತ. ಶೆಟ್ಟರ ಕರುಳು ಚುರ್ ಎಂದಿತು.

"ರಜೆ ಎಂತಕ್ಕೆ ಮಗಾ? ನಾಳೆಯಿಂದ ಬರುವುದೇ ಬೇಡ. ಆರಾಮದಲ್ಲಿ ಮನೆಯಲ್ಲಿರು. ನನ್ನ ಮಗಳಿಗಾದರೂ ಇದನ್ನೇ ಹೇಳ್ತಿದ್ದೆ."

ಸ್ವಂತ ಮಗಳು ಮನ್ವಿತಾಳ ಹೆರಿಗೆಯಲ್ಲಿ ಅವಳು ಕೆಲಸಕ್ಕಿದ್ದ ಬ್ಯಾಂಕು ರಜೆಯ ಸಂಬಳ ತಡಮಾಡಿದಾಗ 'ಕೋರ್ಟಿಗೆ ಎಳೀತೇನೆ' ಎಂದು ಹಾರಾಡಿದವರು ಇದೇ ಶೆಟ್ಟರು. ಅದು ಬೇರೆ ವಿಷಯ ಬಿಡಿ.

ಅಶ್ಮಿತಾ ಆರಾಮದಲ್ಲಿ ಮನೆಯಲ್ಲಿ ಕೂರದೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಳು.

ಶೆಟ್ಟರಿಗೆ ಕಾನೂನು ತಿಳಿಯದು ಅನ್ನುವಂತಿಲ್ಲ. ಹತ್ತು ಜನ ದುಡಿಯುವಲ್ಲಿ ಮಾತ್ರ ಈ ರಜೆಯ ಕಾನೂನು ಎಂದು ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ಕೇಳಿ ನೆನಪಿಟ್ಟುಕೊಂಡಿದ್ದರು. ಹೋಟೆಲಿನಲ್ಲಿ ಇದ್ದದ್ದು ಅದರ ಎರಡರಷ್ಟು ಜನ. ಇಲಾಖೆಯ ಅಧಿಕಾರಿ ತನಿಖೆಗೆ ಬರುವ ದಿನ ಆರು ಜನರನ್ನು ಯೂನಿಫಾರ್ಮಿನಲ್ಲಿ ನಿಲ್ಲಿಸಿ, ಉಳಿದವರಿಗೆ ಮನೆಬಟ್ಟೆ ಹಾಕಿಸಿ ಮೇಜುಗಳಲ್ಲಿ ಕೂರಿಸಿದರು.

"ಇವತ್ತು ನೀವೆಲ್ಲ ಗಿರಾಕಿಗಳು. ಗೊತ್ತಾಯ್ತಾ?"

"ತಿನ್ನದೆ ಕೂತರೆ ಯಾರು ನಂಬ್ತಾರೆ ಧನಿ?" ಎಂದ ಜಯ, ಹೋಟೆಲು ಶುರುವಾದಾಗಿನಿಂದ ಒಲೆಯ ಮುಂದೆ ನಿಂತವನು.

ಮಾತು ಸರಿಯಿತ್ತು. ಕೋರಿರೊಟ್ಟಿ ಬಂತು, ಬಂಗುಡೆ ಬಂತು, ನೀರುದೋಸೆ ಬಂತು. ವರ್ಷಗಟ್ಟಲೆ ಬೇರೆಯವರ ಮುಂದೆ ಇಟ್ಟದ್ದನ್ನೆಲ್ಲ ಅವರು ಒಮ್ಮೆ ತಮ್ಮ ಮುಂದೆ ಇಡಿಸಿಕೊಂಡರು. ಶೆಟ್ಟರು ಹಲ್ಲು ಕಚ್ಚಿಕೊಂಡು ನಗುತ್ತಿದ್ದರು.

ಅಧಿಕಾರಿ ನಾಝಿಮಾ ಬಂದರು. ಹಿಂದೆಯೇ ಹೊಟ್ಟೆ ಹಿಡಿದುಕೊಂಡು ಅಶ್ಮಿತಾ.

"ಕೆಲಸಕ್ಕೆ ಎಷ್ಟು ಜನ ಇದ್ದಾರೆ?"

"ಆರೇ ಜನ ಮೇಡಂ. ಸಣ್ಣ ಹೋಟೆಲು. ಉಳಿದದ್ದನ್ನು ದೇವರು ನಡೆಸ್ತಾನೆ."

"ದೇವರಿಗೆ ಪಿ.ಎಫ್. ಕಟ್ತಾ ಇದ್ದೀರಾ?" ಎಂದರು ನಾಝಿಮಾ, ಮೇಜುಗಳ ಕಡೆ ಒಮ್ಮೆ ಕಣ್ಣಾಡಿಸಿ. "ಬರುವಾಗ ಸರ್ಕಲಿನಲ್ಲಿ ನಿಮ್ಮ ಫ್ಲೆಕ್ಸ್ ನೋಡಿದೆ."

ಶೆಟ್ಟರು ಅರಳಿದರು. ವರ್ತಕರ ಸಂಘಕ್ಕೆ ಅವರು ಅಧ್ಯಕ್ಷರಾದಾಗ ಮನೆಮಕ್ಕಳು ಪ್ರೀತಿಯಿಂದ ಹಾಕಿಸಿದ ಫ್ಲೆಕ್ಸ್ ಅದು. ಆ ಪ್ರೀತಿಯ ಖರ್ಚನ್ನು ಶೆಟ್ಟರು ಅವರವರ ಸಂಬಳದಿಂದಲೇ ಮುರಿದುಕೊಂಡಿದ್ದರು.

"ಫೋಟೋ ಒಳ್ಳೆದು ಬಂದಿದೆ ಅಲ್ವಾ ಮೇಡಂ?"

"ನಿಮ್ಮದು ದೊಡ್ಡದುಂಟು. ಕೆಳಗೆ ಸಾಲಾಗಿ ಸಣ್ಣ ಸಣ್ಣ ಮುಖಗಳು, ಹೆಸರು ಕೆಲಸ ಸಮೇತ. 'ಶುಭ ಕೋರುವವರು: ಹೋಟೆಲಿನ ಸಿಬ್ಬಂದಿ ವರ್ಗ.'" ಅವರು ಮೊಬೈಲಿನಲ್ಲಿ ತೆಗೆದಿದ್ದ ಚಿತ್ರ ಹಿಡಿದು ಮೇಜಿನಿಂದ ಮೇಜಿಗೆ ಹೋದರು. "ನೀವು ಜಯ ಅಲ್ವಾ? ಅಡುಗೆಯವರು?"

ಜಯ ಬೆರಳು ನೆಕ್ಕಿದ. "ನಿನ್ನೆವರೆಗೆ ಹೌದು ಮೇಡಂ. ಈಗ ಗಿರಾಕಿ. ಧನಿಯೇ ಬಡ್ತಿ ಕೊಟ್ಟದ್ದು."

ಯಾರೋ ಕಿಸಕ್ಕನೆ ನಕ್ಕರು. ಶೆಟ್ಟರು ಎ.ಸಿ. ಅಡಿಯಲ್ಲೇ ಬೆವರಿದರು.

"ಕೊನೆಯ ಸಾಲಿನಲ್ಲಿ ನಾನೂ ಇದ್ದೇನೆ ಧನಿ," ಎಂದಳು ಅಶ್ಮಿತಾ. "ದುಡ್ಡು ಮುರಿದುಕೊಳ್ಳುವಾಗ ನಾನು ಕೆಲಸದವಳು, ಕೊಡುವಾಗ ಮಗಳು. ಅಲ್ವಾ?"



"ಇವಳನ್ನು ವಾಪಸು ತೆಗೆದುಕೊಂಡು ಸಂಬಳದ ರಜೆ ಕೊಡ್ತೇನೆ ಅಂತ ಈಗ ಬರೆದು ಕೊಡ್ತೀರೋ, ಕೇಸು ಹಾಕಿದ ಮೇಲೆ ಕೊಡ್ತೀರೋ?" ಎಂದರು ನಾಝಿಮಾ. "ಉಳಿದದ್ದಕ್ಕೆಲ್ಲ ನೋಟೀಸು ಹೇಗೂ ಬರ್ತದೆ."

ಶೆಟ್ಟರು ಬರೆದರು. ಅಶ್ಮಿತಾ ಓದಿ, ಇನ್ನೊಮ್ಮೆ ಓದಿ, ಚೀಲದೊಳಗೆ ಇಟ್ಟುಕೊಂಡಳು. ನಾಝಿಮಾ ಒಬ್ಬೊಬ್ಬರ ಹೆಸರು ಬರೆದುಕೊಳ್ಳಲು ಕೂತರು. ಯೂನಿಫಾರ್ಮಿನ ಆರು ಜನವೂ ಮೆಲ್ಲನೆ ಕುರ್ಚಿ ಎಳೆದು ಸಾಲಿಗೆ ಸೇರಿಕೊಂಡರು.

"ಮನೆಮಗಳಿಗೆ ಒಂದು ಚಾ ಸಿಗಬಹುದಾ ಧನಿ?" ಎಂದಳು ಅಶ್ಮಿತಾ.

ಅಡುಗೆಮನೆ ಖಾಲಿ. ಮೇಡಂ ಎದುರೇ ಇದ್ದಾರೆ, ಯಾರಿಗೂ ಏಳು ಅನ್ನುವಂತಿಲ್ಲ. ವರ್ತಕರ ಸಂಘದ ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ ಒಳಗೆ ಹೋದರು. ಪಾತ್ರೆ ಬಿದ್ದ ಸದ್ದು ಕೇಳಿತು. ಆಮೇಲೆ ಅವರ ಸ್ವರ:

"ಜಯಾ, ಸಕ್ಕರೆ ಎಲ್ಲುಂಟು ಮಾರಾಯ?"

"ಗಿರಾಕಿಗೆ ಹೇಗೆ ಗೊತ್ತಿರ್ತದೆ ಧನಿ?" ಎಂದ ಜಯ, ಇನ್ನೊಂದು ದೋಸೆ ಮುರಿಯುತ್ತ.