ಗುಬ್ಬಿಯ ಮೊಣಕಾಲು

ತಂಗಿಯ ಬಲಭುಜಕ್ಕೆ ಪೆಟ್ಟಾಗಿದೆ ಎಂಬ ಸುದ್ದಿ ಅಕ್ಕನಿಗೆ ಗೊತ್ತಾದದ್ದು ಟೀವಿ ನೋಡಿ. ಆ ಹೊತ್ತಿನಲ್ಲಿ ಅದೇ ಬಲಭುಜ ಅವಳ ಎರಡು ಕೈಗಳ ಕೆಳಗೇ ಇತ್ತು.

ಕ್ರೀಡಾಂಗಣದ ಮೆಟ್ಟಿಲುಸಾಲಿನ ಅಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಮಾಲೀಸಿನ ಮೇಜು, ಐಸ್ ಪೆಟ್ಟಿಗೆ, ಮೊಳೆಗಳಿಗೆ ನೇತುಹಾಕಿದ ಟವೆಲ್ಲುಗಳು, ಮೂಲೆಯಲ್ಲಿ ದನಿ ಅಡಗಿಸಿಟ್ಟ ಟೀವಿ. ತಂಗಿ ಮೇಜಿನ ಮೇಲೆ ಬೋರಲು ಮಲಗಿದ್ದಳು. ಅಕ್ಕ ಅಂಗೈಗೆ ಎಣ್ಣೆ ಸವರಿಕೊಂಡು ಭುಜದ ಎಲುಬಿನ ಅಂಚಿಗೆ ಹೆಬ್ಬೆರಳು ಊರಿ ತೀಡುತ್ತಿದ್ದಳು. ಅಷ್ಟರಲ್ಲಿ ಟೀವಿಯ ಕೆಂಪು ಪಟ್ಟಿಯಲ್ಲಿ ಅಕ್ಷರಗಳು ಓಡಿದವು: ಜಾವೆಲಿನ್ ತಾರೆಗೆ ಭುಜದ ಗಾಯ, ನಾಳಿನ ಫೈನಲ್‌ಗೆ ಗೈರು.

ಅಕ್ಕ ಇನ್ನೊಂದು ಸಲ ಓದಿದಳು. ಆಮೇಲೆ ಬೆರಳನ್ನು ಸ್ವಲ್ಪ ಆಳಕ್ಕೆ ಒತ್ತಿದಳು.

"ನೋಯುತ್ತೇನೇ?"

"ಇಲ್ಲ, ಕಚಗುಳಿ ಆಗುತ್ತೆ. ಯಾಕೆ?"

"ಟೀವಿಯವರಿಗೆ ನೋಯ್ತಾ ಇದೆಯಂತೆ. ಎದ್ದು ನೋಡು."

ತಂಗಿ ಕತ್ತೆತ್ತಿ ನೋಡಿದಳು. ನಾಳೆ ಎಸೆಯಬೇಕಾದವಳು. ಇದೊಂದು ಫೈನಲ್‌ಗಾಗಿ ಊಟ ತೂಗಿ ತಿಂದು, ನಿದ್ದೆ ಅಳೆದು ಮಾಡಿ, ಗೆಳತಿಯರ ಮದುವೆಗಳನ್ನೆಲ್ಲ ತಪ್ಪಿಸಿಕೊಂಡವಳು. ಮುಖದ ಬಣ್ಣವೇ ಹೋಯಿತು.

ತಂಡದಲ್ಲಿ ಎಲ್ಲರೂ ಅಕ್ಕನನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಮ್ಯಾನೇಜರು ಕೂಡ. ಆದರೆ ಹುಟ್ಟಿನಿಂದ ಅವಳು ಅಕ್ಕನಾಗಿದ್ದದ್ದು ಈ ಒಬ್ಬಳಿಗೇ. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ ಇಬ್ಬರನ್ನೂ ಸಾಕಿದಳು. ತಂಗಿ ಕೋಲು, ಕೊಡೆ, ಪೊರಕೆ, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದು ಎಸೆದು ಕೊನೆಗೆ ಜಾವೆಲಿನ್‌ಗೆ ಬಂದಳು. ಅವಳ ಭುಜ ನೋಯುತ್ತದೆಂದು ಅಕ್ಕ ಮಾಲೀಸು ಕಲಿತಳು, ಹಾಗೇ ತಂಡಕ್ಕೂ ಬೇಕಾದವಳಾದಳು.

ಈ ಇಲ್ಲದ ಗಾಯ ಎಲ್ಲಿಂದ ಬಂತು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬಂದದ್ದು ಹಿಂದಿನ ದಿನದ ಪತ್ರಿಕಾಗೋಷ್ಠಿಯಿಂದ. ಈ ಸಲ ನಿಮಗೆ ಯಾರ ಭಯ ಎಂದು ಯಾರೋ ಕೇಳಿದರು. ಬೇರೆಯವರಾಗಿದ್ದರೆ ದೇವರ ಮೇಲೆ ಭಾರ ಹಾಕಿ ನಕ್ಕು ಎದ್ದುಬರುತ್ತಿದ್ದರು. ಇವಳು ಹೇಳಿದಳು:

"ನನಗೆ ಭಯ ಇರೋದು ಹೋದ ವರ್ಷ ಗೆದ್ದವಳದ್ದು. ಅವಳು ಬಂದಿಲ್ಲ. ಅವಳ ಊರಲ್ಲಿ ಬಂದರು ಕಟ್ಟೋಕೆ ಅಂತ ಮೀನುಗಾರರ ಮನೆಗಳನ್ನ ಕೆಡವಿದ್ರು, ಅದು ತಪ್ಪು ಅಂತ ಅವಳು ಬಾಯಿಬಿಟ್ಟು ಹೇಳಿದ್ಲು. ಆಮೇಲೆ ಅವಳ ಫೋನೂ ಇಲ್ಲ, ಪತ್ತೇನೂ ಇಲ್ಲ. ಆ ಬಂದರು ಕಟ್ತಿರೋ ಕಂಪನಿ ಹೆಸರು ನನ್ನ ಎದೆ ಮೇಲಿದೆ, ನೋಡಿ. ಆ ಹುಡುಗಿ ಎಲ್ಲಿ ಅಂತ ಯಾರಾದ್ರೂ ಕೇಳಿ."

ಇಷ್ಟೇ. ಇಷ್ಟಕ್ಕೇ ಊರಿಗೆಲ್ಲ ಬೆಂಕಿ ಬಿದ್ದ ಹಾಗೆ ಫೋನುಗಳು ಹೊಡೆದುಕೊಂಡವು.

ನಿನ್ನೆಯಿಂದ ಹಲ್ಲು ಕಚ್ಚಿ ಹಿಡಿದಿದ್ದ ಸಿಟ್ಟನ್ನು ಅಕ್ಕ ಈಗ ಬಿಟ್ಟಳು. "ಸಮಾಧಾನ ಆಯ್ತಾ? ನಿನಗ್ಯಾಕೆ ಬೇಕಿತ್ತೇ ಊರ ಉಸಾಬರಿ? ಇನ್ನೆರಡು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಏನು ಗಂಟು ಹೋಗ್ತಿತ್ತು? ಪದಕ ಗೆದ್ದು ಆಮೇಲೆ ಬೇಕಾದ್ದು ಬಡ್ಕೋಬಹುದಿತ್ತು!"

"ಆಮೇಲೆ ಯಾರು ಮೈಕ್ ಕೊಡ್ತಾರೆ ಅಕ್ಕ?"

"ಅವರ ದೇಶದವರೇ ಹೇಳಿದಾರಲ್ಲ, ಮೊಣಕಾಲಿಗೆ ಪೆಟ್ಟಾಗಿದೆ, ಮನೇಲಿ ವಿಶ್ರಾಂತಿ ತಗೋತಿದಾಳೆ ಅಂತ. ನೀನು ಯಾವ ಊರ ಪತ್ತೇದಾರಿಣಿ?"

ಹೇಳುವಾಗ ಅಕ್ಕನ ದನಿ ಒಂಚೂರು ಕುಗ್ಗಿತು. ಅದಕ್ಕೆ ಕಾರಣವಿತ್ತು, ತಂಗಿಗೂ ಗೊತ್ತಿಲ್ಲದ ಕಾರಣ. ಕಡಲಾಚೆಯ ಆ ಹುಡುಗಿ ಎಸೆಯುವವರ ನಡುವೆ ತೀರಾ ಪುಟ್ಟವಳು, ಅದಕ್ಕೇ ಅಕ್ಕ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದಳು. ಅವಳ ತಂಡಕ್ಕೆ ಮಾಲೀಸಿನವರು ಇರಲಿಲ್ಲ. ಹೋದ ವರ್ಷ ಕೂಟ ಮುಗಿಯುವವರೆಗೂ ಇದೇ ಮೇಜಿಗೆ ಬಂದು ಮಲಗುತ್ತಿದ್ದಳು. ಮಾತು ಬರದು, ಬರೀ ಕೈಸನ್ನೆ, ನಗು. ಹೊರಡುವ ದಿನ ಮೊಣಕಾಲಿಗೆ ಮಾಲೀಸು ಮಾಡಿಸಿಕೊಂಡು, ಒಂಟಿಕಾಲಲ್ಲಿ ಕುಣಿದು ತೋರಿಸಿ, ಅಕ್ಕನ ಕೆನ್ನೆಗೆ ಮುತ್ತಿಟ್ಟು ಹೋಗಿದ್ದಳು. ಊರು ಸೇರಿದ ವಾರದಲ್ಲೇ ಸುದ್ದಿ ಬಂತು, ಮೊಣಕಾಲು ಹೋಯಿತೆಂದು. ಕೊನೆಯ ಸಲ ಅದನ್ನು ಹಿಡಿದದ್ದು ತಾನೇ. ತಾನೇ ಎಲ್ಲೋ ಜೋರಾಗಿ ಒತ್ತಿಬಿಟ್ಟೆನೇ? ವರ್ಷವಿಡೀ ಅಕ್ಕ ತನ್ನ ಕೈಯನ್ನೇ ಬೈದುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಮ್ಯಾನೇಜರಿಂದ ಕರೆ ಬಂತು, ಅಕ್ಕ ಒಬ್ಬಳೇ ಮೇಲಕ್ಕೆ ಬರಬೇಕಂತೆ.

ಹುಡುಗಿಯರು ಮ್ಯಾನೇಜರಿಗೆ ಬೆಣ್ಣೆ ಎಂದು ಹೆಸರಿಟ್ಟಿದ್ದರು. ಎಂಥ ಒರಟು ಮಾತೂ ಅವನ ಬಾಯಲ್ಲಿ ಜಾರಿಕೊಂಡೇ ಬರುತ್ತಿತ್ತು. ಅವನ ಕೋಣೆಯಲ್ಲಿ ಕಂಪನಿಯ ಮೇಡಂ ಕೂತಿದ್ದಳು. ತಂಡದ ಬಟ್ಟೆ, ಬಸ್ಸು, ಬ್ಯಾಗು ಎಲ್ಲದರ ಮೇಲೂ ಹೆಸರು ಹಾಕಿಸಿಕೊಂಡ ಅದೇ ಕಂಪನಿ. ಅಕ್ಕ ಒಳಗೆ ಬಂದಾಗ ಮೇಡಂ ಎದ್ದು ನಿಂತು ಕುರ್ಚಿ ತೋರಿಸಿದಳು. ಅಷ್ಟು ಮರ್ಯಾದೆ ಕಂಡೇ ಅಕ್ಕ ಬಾಗಿಲಲ್ಲೇ ನಿಂತಳು.

"ಕೂತ್ಕೊಳ್ಳಿ ಅಕ್ಕ," ಎಂದ ಬೆಣ್ಣೆ. "ನಮ್ಮ ಹುಡುಗಿಗೆ ವಿಶ್ರಾಂತಿ ಬೇಕು ಅಂತ ಡಾಕ್ಟರು ಹೇಳಿದಾರೆ."

"ಡಾಕ್ಟರು ಅವಳನ್ನ ಮುಟ್ಟೇ ಇಲ್ಲ ಸಾರ್. ಭುಜ ಸರಿಯಾಗೇ ಇದೆ."

"ಇದೆ, ಇದೆ. ಇಲ್ಲ ಅಂದೋರ್ಯಾರು?" ಬೆಣ್ಣೆ ನಕ್ಕ. "ನಾಳೆ ಹೋದ ವರ್ಷ ಗೆದ್ದವಳ ದೇಶದ ಮಂತ್ರಿಗಳು ಬರ್ತಾರೆ. ಬಂದರಿನ ಎರಡನೇ ಹಂತಕ್ಕೆ ಸಹಿ ಬೀಳುತ್ತೆ. ಜಾವೆಲಿನ್ ಪದಕ ಹಾಕೋದು ಅವರೇ. ನಮ್ಮ ಹುಡುಗಿ ಅಲ್ಲಿ ನಿಂತ್ಕೊಂಡು ಇನ್ನೊಂದು ಮಾತು ಆಡಿದ್ರೆ?"

ಮೇಡಂ ಮೆಲ್ಲಗೆ ಬಾಯಿ ಹಾಕಿದಳು. "ನೋಡಿ, ನಾವು ಯಾರ ಬಾಯೂ ಮುಚ್ಚಿಸ್ತಾ ಇಲ್ಲ. ವಾಕ್ ಸ್ವಾತಂತ್ರ್ಯಕ್ಕೆ ನಮ್ಮ ಕಂಪನೀಲಿ ತುಂಬಾ ಗೌರವ ಇದೆ. ಅವಳನ್ನ ತಂಡದಿಂದ ತೆಗೆದುಹಾಕಿದ್ರೆ ಜಗತ್ತೆಲ್ಲ ಯಾಕೆ ಅಂತ ಕೇಳುತ್ತೆ. ಭುಜ ನೋವು ಅಂದ್ರೆ ಯಾರೂ ಏನೂ ಕೇಳಲ್ಲ. ಬೇಗ ಗುಣವಾಗಲಿ ಅಂತಾರೆ ಅಷ್ಟೇ."

ನೀರು ಕುಡಿದಷ್ಟು ಸಲೀಸಾಗಿ ಹೇಳಿದಳು ಪುಣ್ಯಾತ್ಗಿತ್ತಿ. ಸಂಜೆ ಪತ್ರಕರ್ತರ ಮುಂದೆ ಅಕ್ಕ ಎರಡು ಮಾತು ಹೇಳಬೇಕಂತೆ. ಆ ಭುಜ ಅವಳ ಕೈಯಲ್ಲೇ ಬೆಳೆದದ್ದೆಂದು ಎಲ್ಲರಿಗೂ ಗೊತ್ತು, ಅವಳು ಹೇಳಿದರೆ ಮುಗಿಯಿತು. ಹೇಳಿದರೆ ಮುಂದಿನ ವರ್ಷದ ದೊಡ್ಡ ಕೂಟಕ್ಕೆ ತಂಗಿ ಗ್ಯಾರಂಟಿ, ಅಕ್ಕನ ಕೆಲಸವೂ ಕಾಯಂ.

"ಹೇಳದಿದ್ರೆ?"

"ಅದ್ಯಾಕೆ ಹಾಗೆ ಯೋಚ್ನೆ ಮಾಡ್ತೀರ?" ಎಂದ ಬೆಣ್ಣೆ. "ಶಿಸ್ತು ಸಮಿತಿ ಅಂತೆಲ್ಲ ಶುರುವಾದ್ರೆ ಹುಡುಗಿ ಮತ್ತೆ ಜಾವೆಲಿನ್ ಮುಟ್ಟೋದೂ ಕಷ್ಟ. ನಿಮಗೂ ವಯಸ್ಸಾದ ತಾಯಿ ಇದಾರೆ."

ಮೂಗಿಗೆ ತುಪ್ಪ ಸವರುತ್ತಿದ್ದಾರೆಂದು ಅಕ್ಕನಿಗೆ ಗೊತ್ತಾಗದೆ ಇರಲಿಲ್ಲ. ಆದರೂ ಲೆಕ್ಕ ಹಾಕಿದಳು. ಒಂದು ಕೂಟ ಹೋದರೆ ಹೋಗಲಿ, ಎಸೆತವೇ ನಿಂತುಹೋದರೆ ಆ ಹುಡುಗಿ ಉಸಿರಾಡುವುದಾದರೂ ಹೇಗೆ? "ಆಯ್ತು," ಎಂದು ಎದ್ದುಬಂದಳು.

ಕೆಳಗೆ ತಂಗಿ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಕಿರುಚುತ್ತಾಳೆ, ಅಳುತ್ತಾಳೆ ಎಂದುಕೊಂಡರೆ ಅದೂ ಇಲ್ಲ.

"ನನಗೆ ನಾಳೆ ಎಸೀಬೇಕು ಅಕ್ಕ. ಅಷ್ಟೇ ನನಗೆ ಗೊತ್ತಿರೋದು," ಎಂದಳು. "ನೀನು ಏನಾದ್ರೂ ಹೇಳ್ಕೋ. ನಾನು ಹೇಳೋದನ್ನ ಹೇಳಿಯಾಗಿದೆ."

"ನಿನ್ನ ಒಳ್ಳೇದಕ್ಕೇ ಕಣೇ ನಾನು—"

ಅಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಅಮ್ಮ.

"ಮಗು ಭುಜ ಹೇಗಿದೆಯೇ? ಟೀವಿ ನೋಡಿ ಕೈಕಾಲೇ ಆಡ್ತಿಲ್ಲ ನನಗೆ!"

"ಏನೂ ಆಗಿಲ್ಲಮ್ಮ. ಚೆನ್ನಾಗೇ ಇದಾಳೆ."

"ಟೀವೀಲಿ ಬರ್ತಾ ಇದೆ, ಏನೂ ಆಗಿಲ್ವಂತೆ! ನೀನೇ ಏನೋ ಎಡವಟ್ಟು ಮಾಡಿರ್ತೀಯ. ಮೊದಲಿಂದಲೂ ನಿನ್ನ ಕೈ ಕಲ್ಲು. ಎಷ್ಟು ಸಲ ಹೇಳಿದೀನಿ, ಅಷ್ಟು ಒತ್ತಬೇಡ ಅಂತ! ಅವಳ ಕೈಲಿ ಬಕೆಟ್ ಎತ್ತಿಸಬೇಡ, ಕೇಳಿಸ್ತಾ?"

ಅಕ್ಕ ಫೋನು ಇಟ್ಟಳು. ತನ್ನ ಕೈಯನ್ನು ತಾನೇ ನೋಡಿಕೊಂಡು ನಿಂತಳು. ಇನ್ನೂ ಎಣ್ಣೆ ಆರಿರಲಿಲ್ಲ.

ಈ ಭುಜ ಇಲ್ಲೇ ಇದೆ, ಗಟ್ಟಿಯಾಗಿದೆ, ಹೆತ್ತ ತಾಯಿ ಮಾತ್ರ ನಂಬುತ್ತಿಲ್ಲ. ನಾಳೆ ತಂಗಿಯನ್ನು ಎಲ್ಲಾದರೂ ಕರೆದೊಯ್ದು ಕೂಡಿಹಾಕಿದರೂ ಜನ ಕೇಳುವುದು ಭುಜ ಹೇಗಿದೆ ಎಂದು. ಹುಡುಗಿ ಎಲ್ಲಿ ಎಂದು ಕೇಳುವುದಿಲ್ಲ. ತಾನು ಕೇಳಿದೆನೇ? ಒಂಟಿಕಾಲಲ್ಲಿ ಕುಣಿದು ಹೋದ ಮೊಣಕಾಲು ಕೆಟ್ಟಿತು ಎಂದು ಯಾರೋ ಕೋಟು ಹಾಕಿದವನು ಹೇಳಿದ್ದೇ ತಡ, ನಂಬಿಬಿಟ್ಟೆ. ನಂಬಿ, ತಪ್ಪನ್ನು ನನ್ನ ಕೈ ಮೇಲೇ ಹೊರಿಸಿಕೊಂಡೆ. ವರ್ಷವಿಡೀ ಕಿವಿ ಮೇಲೆ ಹೂ ಇಟ್ಟುಕೊಂಡು ತಿರುಗಿದೆನಲ್ಲ, ಥೂ!

ಅಂಗಾಲಿನಿಂದ ನೆತ್ತಿಯವರೆಗೆ ಉರಿ ಎದ್ದಿತು. ಇಂಥ ಸಿಟ್ಟು ಅವಳಿಗೆ ಹುಟ್ಟಿದ ಮೇಲೆ ಬಂದದ್ದಿಲ್ಲ.

"ಏಳೇ," ಎಂದಳು ತಂಗಿಗೆ. "ಆ ಬಟ್ಟೆ ಬಿಚ್ಚಿ ಬಿಸಾಕು. ತೋಳಿಲ್ಲದ ಬನಿಯನ್ ಹಾಕ್ಕೊಂಡು ನನ್ನ ಜೊತೆ ಬಾ."

ಪತ್ರಕರ್ತರ ಕೋಣೆ ಕಿಕ್ಕಿರಿದಿತ್ತು. ಹಿಂದಿನ ಪರದೆಯ ತುಂಬ ಕಂಪನಿಯ ಹೆಸರೇ ಹೆಸರು. ಬೆಣ್ಣೆ ಮೈಕಿನಲ್ಲಿ ತುಂಬಾ ದುಃಖದ ಮುಖ ಮಾಡಿಕೊಂಡು ಮಾತಾಡುತ್ತಿದ್ದ. ತಂಗಿಯನ್ನು ಕಂಡದ್ದೇ ದುಃಖ ಹಾರಿಹೋಯಿತು. ಮೇಡಂ ಬಾಗಿಲ ಬಳಿಯಿಂದ ಏನೋ ಸನ್ನೆ ಮಾಡಿದಳು. ಅಷ್ಟರಲ್ಲಿ ಅಕ್ಕ ಮೈಕಿನ ಮುಂದಿದ್ದಳು.

"ನಾನು ತಂಡದ ಮಾಲೀಸಿನವಳು. ಇವಳ ಭುಜಕ್ಕೆ ಏನೂ ಆಗಿಲ್ಲ. ಕೈ ಎತ್ತೇ! ತಿರುಗಿಸು! ನೋಡಿದ್ರಾ? ಇದಕ್ಕೆ ನೋವು ಅಂತ ನಾನು ಹೇಳಬೇಕು ಅಂತ ಈ ಸಾರ್, ಆ ಮೇಡಂ ಮಧ್ಯಾಹ್ನ ಕೂರಿಸಿಕೊಂಡು ಹೇಳಿದ್ರು. ನಾಳೆ ಮಂತ್ರಿ ಮುಂದೆ ಇವಳು ಬಾಯಿ ಬಿಡಬಾರದಂತೆ."

"ಅಕ್ಕನಿಗೆ ಸುಸ್ತಾಗಿದೆ," ಎಂದು ಬೆಣ್ಣೆ ಮೈಕಿಗೆ ಕೈ ಹಾಕಿದ.

"ನೋಡಿ, ನೋಡಿ! ಬಾಯಿ ಬಿಟ್ಟ ತಕ್ಷಣ ನನಗೂ ಕಾಯಿಲೆ ಬಂತು!"

ಯಾರೋ ನಕ್ಕರು. ಮೈಕು ಸತ್ತಿತು. ಮೈದಾನದ ಗದ್ದಲದ ಮೇಲೆ ಹುಡುಗಿಯರನ್ನು ಕೂಗಿ ಕರೆದು ಪಳಗಿದ ಗಂಟಲಿಗೆ ಮೈಕು ಯಾರಿಗೆ ಬೇಕು?

"ಇನ್ನೊಂದು ಬರ್ಕೊಳ್ಳಿ! ಹೋದ ವರ್ಷ ಗೆದ್ದ ಹುಡುಗಿ ಮೊಣಕಾಲು ನನ್ನ ಕೈಯಲ್ಲೇ ಇತ್ತು. ಅದಕ್ಕೂ ಏನೂ ಆಗಿರಲಿಲ್ಲ! ಇದೇ ಮಾತು ಹೇಳಿ ಅವಳನ್ನ ಮಾಯ ಮಾಡಿದಾರೆ. ಮೊಣಕಾಲು ಸರಿ ಇತ್ತು, ಕೇಳಿಸ್ತಾ? ಸರಿ ಇತ್ತು!"

ಕಾವಲಿನವರು ಬಂದು ಇಬ್ಬರನ್ನೂ ಹೊರಗೆ ಕರೆದೊಯ್ದರು.

ಮರುದಿನ ಅಕ್ಕ ತನ್ನ ಎಣ್ಣೆ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ತಲೆಯ ಮೇಲಿನ ಮೆಟ್ಟಿಲುಸಾಲು ಚಪ್ಪಾಳೆಗೆ ಅದುರುತ್ತಿತ್ತು. ಫೈನಲ್ ನಡೆಯುತ್ತಿತ್ತು. ತಂಗಿಯ ಹೆಸರು ಪಟ್ಟಿಯಲ್ಲಿರಲಿಲ್ಲ. ಗೆದ್ದವಳ ದೂರ ಟೀವಿಯಲ್ಲಿ ಮೂಡಿತು. ತಂಗಿ ಅಭ್ಯಾಸದಲ್ಲಿ, ನಗುನಗುತ್ತ ಎಸೆಯುವ ದೂರ ಅದು. ಪಕ್ಕದಲ್ಲೇ ಕೂತಿದ್ದ ತಂಗಿ ಟವೆಲ್ಲಿನಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತಳು. ಅಕ್ಕ ಅವಳ ಬೆನ್ನು ಸವರಿದಳು. ಪರದೆಯ ಮೇಲೆ ಮಂತ್ರಿ ನಗುತ್ತ ಪದಕ ಹಾಕುತ್ತಿದ್ದ, ಪಕ್ಕದಲ್ಲಿ ಮೇಡಂ ಚಪ್ಪಾಳೆ ತಟ್ಟುತ್ತಿದ್ದಳು. ಅಡಿಯ ಕೆಂಪು ಪಟ್ಟಿಯಲ್ಲಿ ಭುಜದ ಸುದ್ದಿ ಹೋಗಿ ಬೇರೆಯದು ಬಂದಿತ್ತು: ಜಾವೆಲಿನ್ ತಾರೆ ಕೌಟುಂಬಿಕ ಕಾರಣದಿಂದ ಗೈರು.

ಫೋನು ಬಡಿದುಕೊಂಡಿತು.

"ಏನೇ ಇದು ಕೌಟುಂಬಿಕ ಕಾರಣ?" ಅಮ್ಮನ ದನಿ ನಡುಗುತ್ತಿತ್ತು. "ಕುಟುಂಬ ಅಂದ್ರೆ ನಾವು ಮೂರೇ ಜನ. ನೀವಿಬ್ರೂ ಅಲ್ಲಿದೀರ. ನನಗೇನಾಗಿದೆಯೇ? ಲಾಂಡ್ರಿಗೆ ಬಂದೋರೆಲ್ಲ ಹೇಗಿದೀರಮ್ಮ, ಹುಷಾರು ಅಂತಿದಾರೆ. ಇಸ್ತ್ರಿಪೆಟ್ಟಿಗೆ ಹಿಡ್ಕೊಂಡು ಗುಂಡುಕಲ್ಲಿನ ಹಾಗೆ ನಿಂತಿದೀನಿ ನಾನು!"

"ನಿನಗೇನೂ ಆಗಿಲ್ಲಮ್ಮ."

"ಮತ್ತೆ ಟೀವೀಲಿ..." ಅಮ್ಮ ಅರ್ಧಕ್ಕೆ ನಿಲ್ಲಿಸಿದಳು. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಸದ್ದು ಕೇಳಿಸಿತು. "ಹಾಗಾದ್ರೆ ಮಗು ಭುಜ?"

"ಸರಿ ಇದೆ."

"ನಿನ್ನೆ ನೀನು ಕೂಗಿದ್ದನ್ನ ಯಾರೋ ಫೋನಲ್ಲಿ ತೋರಿಸಿದ್ರು. ಆ ಹುಡುಗಿ ಮೊಣಕಾಲು?"

"ಅದೂ ಸರಿ ಇತ್ತಮ್ಮ."

ಆಮೇಲೆ ಅಮ್ಮ ಕೇಳಿದಳು. ದನಿಯಲ್ಲಿ ನಡುಕವಿರಲಿಲ್ಲ, ಮಕ್ಕಳು ಕತ್ತಲಾದರೂ ಮನೆಗೆ ಬಾರದಿದ್ದಾಗ ಬೀದಿಯ ತುದಿಗೆ ಬಂದು ಬೈಯುತ್ತಿದ್ದ ಹಳೆಯ ಸಿಟ್ಟಿತ್ತು.

"ಮತ್ತೆ ಆ ಹುಡುಗಿ ಎಲ್ಲೇ?"