ಹೊಸ ಎಂಜಿನ್ ಬರುತ್ತದಂತೆ

ಒಗೆಯುವ ಕಲ್ಲಿನ ಮೇಲೆ ಏನೋ ಮಿಣಕ್ಕೆಂದಿತು, ಮೀನಿನ ಹುರುಪೆಯೇ, ಇಲ್ಲ, ಮನೆಗೆ ಮೀನು ತಂದು ತಿಂಗಳಾಯಿತು — ಶಶಿರೇಖಾ ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿದಳು, ಗಂಡನ ಕೆಲಸದ ಅಂಗಿಯ ಒಳಜೇಬಿನಿಂದ ಜಾರಿದ ಪುಟ್ಟ ಪ್ಲಾಸ್ಟಿಕ್ ಕವರು, ಒಳಗೆ ನಾಲ್ಕಾಗಿ ಮಡಿಚಿದ ಎಣ್ಣೆ ಕುಡಿದ ಕಾಗದ, ಮಡಿಕೆ ಮಡಿಕೆಯಲ್ಲೂ ಹೊಳಪು. ನೆನೆಸುವ ಮೊದಲು ಜೇಬು ತಡಕುವುದು ಹನ್ನೆರಡು ವರ್ಷದ ಅಭ್ಯಾಸ, ಸಿಗುವುದು ಸ್ಕ್ರೂ, ಬಸ್ ಟಿಕೆಟ್, ಮಗಳು ರಾಣಿಗೆಂದು ಕೊಂಡು ಮರೆತ ಚಾಕೊಲೇಟ್, ಇದು ಎಂದೂ ಸಿಕ್ಕಿದ್ದಿಲ್ಲ, ಆದರೆ ಏನೆಂದು ಗೊತ್ತು, ಗೊತ್ತಿರದಿದ್ದರೆ ಎಷ್ಟು ಚೆನ್ನಾಗಿತ್ತು. ಮದುವೆಯಾದ ಹೊಸದರಲ್ಲಿ ವಿಮಾನದ ಮೆಕ್ಯಾನಿಕ್ ಮುನೀಂದ್ರ ಅಡುಗೆಮನೆಯ ನೆಲದ ಮೇಲೆ ಕೂತು ಹೇಳಿಕೊಟ್ಟಿದ್ದ, ಚಿಕ್ಕ ವಿಮಾನ ಅಂದ್ರೆ ಏನಂದ್ಕೊಂಡೆ, ಅದಕ್ಕೂ ಸ್ಕೂಟರ್ ಥರಾನೇ ಪಿಸ್ಟನ್ ಎಂಜಿನ್ ಕಣೇ, ಇಷ್ಟು ಗಂಟೆ ಹಾರಿದ್ಮೇಲೆ ಆಯಿಲ್ ಫಿಲ್ಟರ್ ಕೊಯ್ದು ಕಾಗದ ಹರಡಿ ನೋಡ್ಬೇಕು, ಒಂದೆರಡು ಲೋಹದ ಚೂರಿದ್ರೆ ಪರವಾಗಿಲ್ಲ, ಅಯಸ್ಕಾಂತಕ್ಕೆ ಅಂಟೋದು ಕಾಲು ಚಮಚ ಬಂತೋ, ಒಳಗೆ ಉಕ್ಕು ಸವೀತಿದೆ ಅಂತ, ಆ ವಿಮಾನ ನೆಲ ಬಿಡಬಾರದು, ಯಾರಪ್ಪ ಹೇಳಿದ್ರೂ ಬಿಡಬಾರದು.

ಅಯಸ್ಕಾಂತ, ಅಯಸ್ಕಾಂತ ಎಲ್ಲಿ — ಫ್ರಿಜ್ಜಿನ ಬಾಗಿಲಿನಲ್ಲಿ ರಾಣಿಯ ಟೈಂಟೇಬಲ್ ಹಿಡಿದುಕೊಂಡ ಕಪ್ಪು ಬಿಲ್ಲೆ, ಕಿತ್ತಳು, ಹಾಳೆ ನೆಲಕ್ಕೆ ಬಿತ್ತು, ಬೀಳಲಿ, ಕಾಗದವನ್ನು ತಟ್ಟೆಯ ಮೇಲೆ ಕೊಡವಿದಳು, ಬಿಲ್ಲೆ ಹತ್ತಿರ ತಂದದ್ದೇ ತಡ ಚೂರುಗಳು ಇರುವೆಯ ಹಾಗೆ ಎದ್ದು ಓಡಿಬಂದವು, ನೆಟ್ಟಗೆ ನಿಂತವು, ಮುಳ್ಳುಹಂದಿಯ ಮೈ. ಕುಕ್ಕರ್ ಕೂಗಿತು, ಮೂರನೆಯದೋ ನಾಲ್ಕನೆಯದೋ, ಆರಿಸಬೇಕು, ಆರಿಸಿದಳು, ಒಗ್ಗರಣೆ ಡಬ್ಬಿಯ ಚಮಚ ತೆಗೆದಳು, ಸಾಸಿವೆ ಅಳೆಯುವ ಚಮಚ, ಕಾಲಲ್ಲ, ಅರ್ಧ, ಅರ್ಧ ದಾಟಿತು. ಮನೆಯ ಮೇಲೆ ಸದ್ದು. ಕೊಡಿಗೇಹಳ್ಳಿಗೆ ಈ ಸದ್ದು ಕಾಗೆಯ ಕೂಗಿನಂತೆ, ಯಾರೂ ತಲೆಯೆತ್ತುವುದಿಲ್ಲ, ಅವಳು ಎತ್ತಿದಳು. ಮುನೀಂದ್ರ ಕೆಲಸ ಮಾಡುವ ವಿಮಾನ ತರಬೇತಿ ಶಾಲೆಯಲ್ಲಿ ಸದ್ಯ ಹಾರುತ್ತಿರುವುದು ಒಂದೇ ವಿಮಾನ, ಇವತ್ತು ಅದರಲ್ಲಿ ನಾಗು, ಹಿಂದಿನ ಬೀದಿಯ ಮುನಿಕೃಷ್ಣಪ್ಪನವರ ಮಗಳು ನಾಗಲಕ್ಷ್ಮಿ, ಬೆಳಿಗ್ಗೆ ಗೇಟಿನಲ್ಲೇ ಕೂಗಿದ್ದಳು, ಶಶಕ್ಕಾ, ಇವತ್ತು ಪಕ್ಕದಲ್ಲಿ ಸರ್ ಇರಲ್ಲ, ನಾನೊಬ್ಳೇ, ನಿಮ್ಮನೆ ಮೇಲೇ ಬರ್ತೀನಿ, ಬಟ್ಟೆ ಒಣಗಾಕಿದ್ರೆ ಎತ್ಕೊಂಡೋಗ್ತೀನಿ ನೋಡಿ.

ಮುನೀಂದ್ರನ ಫೋನು ರಿಂಗಾಗುತ್ತಿದೆ, ಎತ್ತಿ, ಎತ್ತಿ. ಎರಡು ತಿಂಗಳಿಂದ ಮನೆಯಲ್ಲಿ ಒಂದೇ ಮಾತು, ಹೊಸ ಎಂಜಿನ್, ಡೀಸೆಲ್‌ನಂಥದ್ದರಲ್ಲೇ ಓಡುತ್ತದಂತೆ, ದುಬಾರಿ ವಿಮಾನದ ಪೆಟ್ರೋಲೇ ಬೇಡವಂತೆ, ಹಾರಿಸುವವರಿಗೆ ಒಂದೇ ಲಿವರ್ ಸಾಕಂತೆ, ಚೆನ್ನೈ ಬಂದರಿಗೆ ಬಂದಿದೆಯಂತೆ, ಕಸ್ಟಮ್ಸ್‌ನಲ್ಲಿ ಕೂತಿದೆಯಂತೆ, ನೋಡಿದವರು ಯಾರು ಎಂದರೆ ಯಾರೂ ಇಲ್ಲ, ಟೀ ಅಂಗಡಿಯವನಿಗೂ ಗೊತ್ತು, ನೋಡಿದವರು ಯಾರೂ ಇಲ್ಲ. ಹಲೋ, ರೀ, ನಿಮ್ ಜೇಬಲ್ಲಿ ಕಾಗದ ಸಿಕ್ತು. ಅತ್ತ ಕಡೆಯಿಂದ, ಅದನ್ಯಾಕೆ ಮುಟ್ಟೋಕೋದೆ ಶಶಿ, ಹೊಸದು ಬರ್ತಾ ಇದೆಯಲ್ಲ, ಓನರ್ ಹೇಳಿದ್ರು, ಹತ್ತು ದಿನ ಸುಧಾರಿಸ್ಕೊಳ್ಳಿ, ಈಗ ಹಳೇದನ್ನ ಬಿಚ್ಚಿ ದಂಡ ಯಾಕೆ ಅಂತ, ನಾನೂ… ಅರ್ಧ ಚಮಚ ಇದೆ ರೀ. ನಾಗು ಮೇಲಿದಾಳೆ, ಇಳಿಸಿ ಅಂತ ಹೇಳ್ರೀ. ಹೇಳಿದ್ರೆ ನನ್ ಲೈಸೆನ್ಸ್ ಹೋಗುತ್ತೆ ಶಶಿ, ನಂಗೆ ಬೇರೇನ್ ಕೆಲಸ ಬರುತ್ತೆ, ಇನ್ನರ್ಧ ಗಂಟೆ, ಅವಳೇ ಇಳೀತಾಳೆ — ಇದು ಯಾರ ಧ್ವನಿ, ಜ್ವರ ಬಂದ ಮಗಳನ್ನು ಎರಡು ರಾತ್ರಿ ಹೆಗಲ ಮೇಲಿಂದ ಇಳಿಸದ ಮನುಷ್ಯ, ಅವನದೇ, ಅವನದೇ. ಕಟ್ ಮಾಡಿದಳು. ಕ್ಯಾಲೆಂಡರಿನ ಅಂಚಿನಲ್ಲಿ ಕಾಶಿನಾಥ್ ಸರ್ ನಂಬರು, ನಾಗುವಿಗೆ ಹಾರಲು ಕಲಿಸುವವರು, ಆಯುಧಪೂಜೆಗೆ ಕರೆಯಲೆಂದು ಬರೆದಿಟ್ಟಿದ್ದು, ಎರಡು ಸಲ ತಪ್ಪಾಯಿತು, ಮತ್ತೆ ಒತ್ತಿದಳು. ಸರ್, ನಾಗೂನ ಇಳಿಸಿ. ಯಾರಮ್ಮ ನೀವು, ಯಾರು ಹೇಳಿದ್ದು. ಫಿಲ್ಟರ್ ಕಾಗದ ನನ್ ಕೈಲಿದೆ ಸರ್, ಮುನೀಂದ್ರ ಅವರ ಜೇಬಲ್ಲಿ ಸಿಕ್ತು, ನಾನು ಅವರ ಹೆಂಡ್ತಿ.

ಹೇಳಿಬಿಟ್ಟೆನೇ, ಹೇಳಿಬಿಟ್ಟೆ. ನೀರು ತುಂಬಿ ಬಕೆಟ್ ಹರಿಯುತ್ತಿದೆ, ನಲ್ಲಿ ನಿಲ್ಲಿಸಬೇಕು, ಸದ್ದು ದೂರ ಸರಿಯಿತು, ಸಣ್ಣಗಾಯಿತು, ನಿಂತೇಹೋಯಿತು, ನಿಂತಿದ್ದು ಇಳಿದಿದ್ದಕ್ಕೋ ಇನ್ನೇತಕ್ಕೋ, ಮಾರಮ್ಮ ತಾಯೀ — ಫೋನು, ಕಾಶಿನಾಥ್ ಸರ್, ಇಳಿದಳಮ್ಮ, ಕ್ಷೇಮ, ಎಂಜಿನ್ ಕೆಮ್ಮುತ್ತಿತ್ತು, ರನ್‌ವೇ ತುದೀಲಿ ನಿಂತೇ ಬಿಡ್ತು, ಆ ಕಾಗದ ಎಸೀಬೇಡಿ. ಎಸೆಯುವುದಿಲ್ಲ. ಅವನೂ ಎಸೆದಿರಲಿಲ್ಲ, ತೋರಿಸಲೂ ಇಲ್ಲ, ಎಸೆಯಲೂ ಇಲ್ಲ, ಅಂಗಿಯಿಂದ ಅಂಗಿಗೆ ಸಾಗಿಸಿದ್ದ, ಮಡಿಕೆಗಳು ಸವೆದಿವೆ, ಕವರನ್ನು ತಿರುಗಿಸಿದಳು, ಹಿಂದೆ ಅವನ ದುಂಡು ಅಕ್ಷರದಲ್ಲಿ ಫಿಲ್ಟರ್ ಕೊಯ್ದ ತಾರೀಕು, ಹದಿನಾರು. ಇವತ್ತು ಇಪ್ಪತ್ತಾರು. ಇಪ್ಪತ್ತಕ್ಕೆ ನಾಗು ಬಂದಿದ್ದಳು, ಒಬ್ಬಟ್ಟು ತಿಂದಳು, ಒಬ್ಳೇ ಹಾರೋಕೆ ಒಪ್ಪಿಗೆ ಸಿಕ್ತು ಮುನೀಂದ್ರಣ್ಣ, ಆಶೀರ್ವಾದ ಮಾಡಿ ಎಂದು ಕಾಲಿಗೆ ಬಗ್ಗಿದಳು, ಅವನು ಕೈಯಿಟ್ಟ, ಎಣ್ಣೆಯ ಗೆರೆ ಉಳಿದ ಆ ಕೈ, ತಲೆಯ ಮೇಲೆ, ಚೆನ್ನಾಗಿರು ತಾಯಿ ಎಂದ, ಎಂದದ್ದು ಹದಿನಾರರ ಮೊದಲಲ್ಲ, ಆಮೇಲೆ, ಇಪ್ಪತ್ತಕ್ಕೆ, ತಲೆಯ ಮೇಲೆ ಕೈ, ಎರಡು ಜಡೆಯ ನಡುವಿನ ಬೈತಲೆಯ ಮೇಲೆ, ತಕ್ಷಣ ತೆಗೆಯಲಿಲ್ಲ, ಇಟ್ಟೇ ಇದ್ದ ಕೈ