ಗೋಂದು ಕಟ್ಟಿದ ಸೇತುವೆ

ಆ ಹುಡುಗಿಗೆ ಮನೆಯಲ್ಲಿ ಗೋಂದು ಎಂದೇ ಹೆಸರು. ಹಿಡಿದ ಕೆಲಸಕ್ಕೆ ಅಂಟಿಕೊಂಡು ಕೂರುವ ಅವಳ ಸ್ವಭಾವ ನೋಡಿ ಅಜ್ಜಿ ಇಟ್ಟ ಹೆಸರು ಅದು. ಶೂ ಲೇಸು ಕಟ್ಟುವುದನ್ನು ಕಲಿಯುವಾಗ ಶಾಲೆಯ ಬಸ್ಸು ಹೊರಟುಹೋದರೂ ಅವಳು ಬೇರೆಯವರನ್ನು ಲೇಸು ಮುಟ್ಟಲು ಬಿಟ್ಟಿರಲಿಲ್ಲ.

ಅಪ್ಪ ಬಡಗಿ. ಮನೆಯ ಕೆಳಗಿನ ಕೋಣೆಯಲ್ಲೇ ಕೆಲಸ. ಎದುರು ಸಾಲಿನಲ್ಲಿ ವೆಲ್ಡರನ ಅಂಗಡಿ. ಇಬ್ಬರೂ ಭಾನುವಾರ ಚರ್ಚಿನಲ್ಲಿ ಅಕ್ಕಪಕ್ಕ ನಿಂತು ಹಾಡುವವರು, ವಾರವಿಡೀ ಮರ ಗಟ್ಟಿಯೋ ಕಬ್ಬಿಣ ಗಟ್ಟಿಯೋ ಎಂದು ಒಬ್ಬರ ಕಾಲು ಒಬ್ಬರು ಎಳೆಯುವವರು. ಇಬ್ಬರ ಹೆಣ್ಣುಮಕ್ಕಳೂ ಒಂದೇ ತರಗತಿಯಲ್ಲಿದ್ದರು. ಹೀಗಿರುವಾಗ ವಿಜ್ಞಾನದ ಟೀಚರ್ ಒಂದು ಸ್ಪರ್ಧೆ ಇಟ್ಟರು. ಐಸ್‌ಕ್ರೀಮ್ ಕಡ್ಡಿ ಮತ್ತು ಅಂಟು, ಇವೆರಡರಲ್ಲೇ ಒಂದು ಸೇತುವೆ ಕಟ್ಟಬೇಕು. ಅದಕ್ಕೆ ಬಕೆಟ್ ನೇತುಹಾಕಿ ಮರಳು ಸುರಿಯುತ್ತಾರೆ. ಯಾರದು ಹೆಚ್ಚು ಭಾರ ತಡೆಯುತ್ತದೋ ಅವರು ಗೆದ್ದ ಹಾಗೆ.

ಸುದ್ದಿ ಕೇಳಿದ್ದೇ ಅಪ್ಪನ ಕಿವಿ ನೆಟ್ಟಗಾಯಿತು.

"ಸೇತುವೆನಾ? ಬಡಗಿ ಮಗಳಿಗೆ ಸೇತುವೆ ಯಾವ ಲೆಕ್ಕ! ಬಾ ಇಲ್ಲಿ, ಪೆನ್ಸಿಲ್ ಕೊಡು."

"ಅಪ್ಪಾ, ನಾನೇ ಮಾಡ್ತೀನಿ."

"ನೀನೇ ಮಾಡು, ಬೇಡ ಅಂದೋರ್ಯಾರು? ನಾನು ಸುಮ್ನೆ ಒಂಚೂರು…"

"ಒಂಚೂರೂ ಬೇಡ."

ಅಪ್ಪ ಅಡುಗೆಮನೆಯ ಕಡೆ ನೋಡಿದ. ಆಸ್ಪತ್ರೆಗೆ ಹೊರಟಿದ್ದ ಅಮ್ಮ ನರ್ಸಿನ ಕೋಟು ತೊಡುತ್ತಾ, "ನನ್ನ ಯಾಕೆ ನೋಡ್ತೀರಿ? ಅವಳು ಯಾರ ಮಗಳು?" ಎಂದು ನಕ್ಕು ಮೆಟ್ಟಿಲಿಳಿದಳು.

ಗೋಂದುವಿನ ಮೊದಲ ಸೇತುವೆ ಒಣಗುವ ಮೊದಲೇ ಸೊಂಟ ಮುರಿದುಕೊಂಡಿತು. ಎರಡನೆಯದು ನಿಂತಿತು, ಆದರೆ ಕುಡಿದವನ ಹಾಗೆ ಒಂದು ಪಕ್ಕಕ್ಕೆ ವಾಲಿಕೊಂಡು ನಿಂತಿತು. ಮೂರನೆಯದಕ್ಕೆ ಅವಳು ಎಷ್ಟು ಅಂಟು ಸುರಿದಳೆಂದರೆ ಅದು ಊಟದ ಮೇಜಿನಿಂದ ಏಳಲೇ ಇಲ್ಲ. ಅಪ್ಪ ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡುತ್ತಾ, ಹಲ್ಲುನೋವು ಬಂದವನ ಹಾಗೆ ಮುಖ ಮಾಡಿಕೊಂಡು ಓಡಾಡುತ್ತಿದ್ದ. ಎದುರು ಅಂಗಡಿಯಿಂದ ವೆಲ್ಡರ್ ಬೇರೆ ಕೂಗುತ್ತಿದ್ದ: "ಏನಪ್ಪಾ ಬಡಗಿ, ಸೇತುವೆ ಎಲ್ಲಿಗೆ ಬಂತು? ನಮ್ಮ ಹುಡುಗೀದು ರೆಡಿ!"

ಅಂದು ಸಂಜೆ ಮನೆಯ ಪ್ರಾರ್ಥನೆಯಲ್ಲಿ ಅಪ್ಪ ಕಣ್ಣು ಬಿಗಿಯಾಗಿ ಮುಚ್ಚಿ, "ಸ್ವಾಮಿ, ನನ್ನ ಮಗಳು ಗೆಲ್ಲೋ ಹಾಗೆ ಮಾಡಪ್ಪ" ಎಂದು ಬೇಡಿಕೊಂಡ. ಆಮೆನ್ ಆದ ಮೇಲೆ ಅಜ್ಜಿ ಕನ್ನಡಕ ಒರೆಸುತ್ತಾ, "ಎದುರುಮನೆ ವೆಲ್ಡರೂ ಈಗ ಇದನ್ನೇ ಕೇಳ್ತಾ ಇರ್ತಾನೆ. ಪಾಪ, ದೇವರು ಯಾರ ಪಾರ್ಟಿ ಸೇರಬೇಕು?" ಎಂದಳು.

ಗೋಂದು ಬಾಯಿ ಮುಚ್ಚಿಕೊಂಡು ನಕ್ಕಳು. ಅವಳ ಪ್ರಾರ್ಥನೆ ಮನಸ್ಸಿನಲ್ಲೇ ಆಗಿತ್ತು. 'ಯೇಸುವೇ, ನೀನೂ ಬಡಗಿ ಕೆಲಸ ಕಲಿತವನು. ನಿನ್ನ ಮೊದಲನೇ ಸ್ಟೂಲೂ ಅಲ್ಲಾಡಿರಬೇಕು. ನನಗೆ ಬೇಜಾರಾಗದೇ ಇರೋ ಹಾಗೆ ನೋಡ್ಕೋ, ಸಾಕು.'

ಶನಿವಾರ ಮಧ್ಯಾಹ್ನ ಅವಳು ಹಾಡಿನ ಅಭ್ಯಾಸಕ್ಕೆ ಚರ್ಚಿಗೆ ಹೋದಾಗ ಅಪ್ಪನ ತಾಳ್ಮೆಯ ಕಟ್ಟೆ ಒಡೆಯಿತು. ಗಿರಾಕಿಯ ಕಪಾಟನ್ನು ಅರ್ಧಕ್ಕೇ ಬಿಟ್ಟು ಮೇಲೆ ಮನೆಗೆ ಬಂದು, ಕಡ್ಡಿಗಳ ಕಟ್ಟು ಬಿಚ್ಚಿ ಕೂತ. ಕೈ ತಾನಾಗಿಯೇ ಓಡಿತು. ಅವಳು ಬರುವ ಹೊತ್ತಿಗೆ ಮೇಜಿನ ಮೇಲೊಂದು ಸೇತುವೆ ನಿಂತಿತ್ತು: ಕೂದಲೆಳೆಯಷ್ಟೂ ಸಂದಿಲ್ಲದ ಜೋಡಣೆ, ಉಜ್ಜಿ ನುಣುಪು ಮಾಡಿದ ಅಂಚು, ಎರಡೂ ಕಡೆ ಪುಟಾಣಿ ಕಟಕಟೆ.

ಗೋಂದು ಚೀಲ ಇಳಿಸಿ ಅದರ ಸುತ್ತ ಒಂದು ಸುತ್ತು ಬಂದಳು.

"ಇದು ಯಾರದಪ್ಪಾ?"

"ನಿಂದೇ!" ಅಪ್ಪ ಹಿಗ್ಗಿದ. "ಆನೆ ಹತ್ತಿದ್ರೂ ಮುರಿಯಲ್ಲ."

"ಮತ್ತೆ ನಂದು?"

ಅವಳು ಬೆಳಗ್ಗೆಯಿಂದ ಕಟ್ಟುತ್ತಿದ್ದ ನಾಲ್ಕನೆಯ ಸೇತುವೆ ಅಟ್ಟದ ಮೇಲೆ, ಬಣ್ಣದ ಡಬ್ಬಿಗಳ ಹಿಂದೆ ಸೇರಿತ್ತು. ಸ್ಟೂಲು ಹತ್ತಿ ಅದನ್ನು ಇಳಿಸಿಕೊಂಡಳು. ಅಪ್ಪನದರ ಪಕ್ಕ ಇಟ್ಟಳು. ಅಪ್ಪನದು ಎಷ್ಟು ಚೆಂದವಿತ್ತೆಂದರೆ ಅವಳಿಗೂ ಒಂದು ಗಳಿಗೆ ಆಸೆಯಾಯಿತು. ಇದನ್ನೇ ಹಿಡಿದುಕೊಂಡು ತರಗತಿಗೆ ನಡೆದರೆ! ಎಲ್ಲರೂ ಬಾಯಿ ಬಿಟ್ಟು ನೋಡಿದರೆ! ಆಮೇಲೆ ತನ್ನ ಸೊಟ್ಟ ಸೇತುವೆ ಕಣ್ಣಿಗೆ ಬಿತ್ತು.

"ಅಪ್ಪಾ, ನಾನು ಮಾಡಿದ್ದು ತಗೊಂಡು ಹೋದ್ರೆ ನಿಂಗೆ ನಾಚ್ಕೆ ಆಗುತ್ತಾ?"

ಅಪ್ಪನ ಮುಖದ ನಗು ಹಾಗೇ ನಿಂತುಬಿಟ್ಟಿತು. ಅವಳು ತನ್ನ ಸೇತುವೆ ಎತ್ತಿಕೊಂಡು ಒಳಗೆ ಹೋದಳು.

ಅಜ್ಜಿ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಉಣ್ಣೆ ಹೆಣೆಯುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು: "ಯಜಮಾನ ಆಳುಗಳಿಗೆ ಹಣದ ಮೂಟೆ ಕೊಟ್ಟು ಪರದೇಶಕ್ಕೆ ಹೋದ ಬೈಬಲ್ ಕತೆ ನೆನಪಿದೆಯೇನೋ? ಭಾನುವಾರದ ಶಾಲೇಲಿ ನೀನೇ ಮಕ್ಕಳಿಗೆ ಹೇಳ್ತೀಯಲ್ಲ."

"ನೆನಪಿದೆಯಮ್ಮ."

"ಒಬ್ಬನಿಗೆ ಐದು ಕೊಟ್ಟ, ಒಬ್ಬನಿಗೆ ಎರಡು. ಇಬ್ಬರೂ ದುಡಿದು ಇಮ್ಮಡಿ ಮಾಡಿದ್ರು. ವಾಪಸ್ ಬಂದಾಗ ಯಜಮಾನ ಹತ್ತು ತಂದವನಿಗೆ ಒಂದು ಶಭಾಸ್, ನಾಲ್ಕು ತಂದವನಿಗೆ ಅರ್ಧ ಶಭಾಸ್ ಅಂದ್ನಾ?"

"ಇಲ್ಲ. ಇಬ್ಬರಿಗೂ ಒಂದೇ ಮಾತು ಹೇಳ್ದ."

"ಹ್ಞೂಂ. ಕೊಟ್ಟಿದ್ದರಲ್ಲಿ ಮನಸ್ಸಿಟ್ಟು ದುಡಿದ್ಯಾ ಅಂತ ನೋಡ್ದ, ಅಷ್ಟೇ. ನೀನು ನೋಡಿದ್ರೆ ಅವಳ ಮೂಟೇನೇ ಕಿತ್ಕೊಂಡು ನಿನ್ನ ಮೂಟೆ ಕೊಡೋಕೆ ಹೋಗಿದ್ದೀಯ."

ಅಪ್ಪ ತಾನು ಕಟ್ಟಿದ ಸೇತುವೆಯನ್ನು ಅಜ್ಜಿಯ ಮುಂದಿಟ್ಟ. "ನಿಂಗೆ ಏನಕ್ಕಾದ್ರೂ ಬರುತ್ತಾ ನೋಡು." ಅಜ್ಜಿ ಬಿಸಿ ಚಹಾ ಲೋಟವನ್ನು ಅದರ ಮೇಲಿಟ್ಟಳು. "ಚೆನ್ನಾಗಿದೆ. ಗಟ್ಟಿ ಕೆಲಸ," ಎಂದಳು.

ಮಗಳು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಪ್ಪ ಪಕ್ಕದಲ್ಲಿ ಕೂತ.

"ನಿನ್ನ ಸೇತುವೆಯಿಂದ ನಂಗೆ ನಾಚ್ಕೆ ಇಲ್ಲ ಮಗಳೇ. ನನ್ನ ಮೇಲೇ ನಂಗೆ ನಾಚ್ಕೆ. ಆ ವೆಲ್ಡರ್ ಮುಂದೆ ಮೀಸೆ ತಿರುವಬೇಕು ಅಂತ ನಿನ್ನ ಕೆಲಸ ಕಿತ್ಕೊಂಡೆ. ತಪ್ಪಾಯ್ತು."

ಅವಳು ತಿರುಗಲಿಲ್ಲ. "ನಿಂಗೆ ಮೀಸೇನೇ ಇಲ್ವಲ್ಲ," ಎಂದಳು.

"ಅದೂ ನಿಜವೇ."

ಅವಳ ಬೆನ್ನು ಅಲ್ಲಾಡಿತು. ನಗುತ್ತಿದ್ದಳು.

ಅಂದಿನಿಂದ ಹೊಸ ಕರಾರು. ಅವಳು ಕೇಳಿದ್ದಕ್ಕೆ ಮಾತ್ರ ಅಪ್ಪ ಉತ್ತರ ಹೇಳಬೇಕು, ಕೈ ಹಾಕುವಂತಿಲ್ಲ. ಅಪ್ಪ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಎದುರಿಗೆ ಕೂರುತ್ತಿದ್ದ. ಅವಳು ಕಡ್ಡಿಯನ್ನು ತಪ್ಪಾಗಿ ಇಟ್ಟಾಗಲೆಲ್ಲ ಅವನ ಭುಜ ಎಗರುತ್ತಿತ್ತು.

"ಅಪ್ಪಾ, ಅಂಟು ಯಾಕೆ ಬಿಟ್ಟುಕೊಳ್ಳುತ್ತೆ?"

"ಎಷ್ಟು ಹಾಕ್ತೀಯ?"

"ತುಂಬಾ."

"ತೆಳ್ಳಗೆ ಸವರಿ, ಒತ್ತಿ ಹಿಡಿದು, ಒಣಗೋ ತನಕ ಕಾಯಬೇಕು."

"ಕಾಯೋದೇ ಕಷ್ಟ."

"ನಂಗೂ," ಎಂದ ಅಪ್ಪ, ತೊಡೆಯಡಿಯ ಕೈ ನೋಡಿಕೊಳ್ಳುತ್ತಾ.

ಬಟ್ಟೆ ಕ್ಲಿಪ್ಪು ಹಾಕಿ ಒತ್ತಿಟ್ಟರೆ ಕೈ ನೋಯುವುದಿಲ್ಲ ಎಂಬುದನ್ನು ಅವಳೇ ಕಂಡುಕೊಂಡಳು. ಮನೆಯವರ ಒದ್ದೆ ಬಟ್ಟೆಗಳೆಲ್ಲ ಕ್ಲಿಪ್ಪಿಲ್ಲದೆ ಗಾಳಿಗೆ ಹಾರಿ ಪಕ್ಕದ ಅಂಗಳ ಸೇರಿದವು.

ಸ್ಪರ್ಧೆಯ ದಿನ ತರಗತಿಯ ಎರಡು ಬೆಂಚುಗಳ ನಡುವೆ ಒಂದೊಂದಾಗಿ ಸೇತುವೆಗಳನ್ನಿಟ್ಟರು. ಅಪ್ಪ ಅಮ್ಮಂದಿರು ಹಿಂದೆ ಗೋಡೆಗೊರಗಿ ನಿಂತಿದ್ದರು. ಗೋಂದುವಿನ ಸೇತುವೆ ಈಗಲೂ ಕೊಂಚ ಸೊಟ್ಟಗೇ ಇತ್ತು. ಟೀಚರ್ ಮರಳು ಸುರಿದರು. ಸೇತುವೆ ಕಿರ್ ಎಂದಿತು, ತಡೆಯಿತು. ಇನ್ನಷ್ಟು ಸುರಿದರು. ಅಪ್ಪ ಉಸಿರು ಬಿಗಿಹಿಡಿದ. ಇನ್ನೊಂದು ಹಿಡಿ ಬಿದ್ದದ್ದೇ ಫಟ್ ಎಂದು ಮುರಿದು, ಬಕೆಟ್ ಉರುಳಿ, ಟೀಚರ್ ಚಪ್ಪಲಿಯೊಳಗೆಲ್ಲ ಮರಳು.

ಅಪ್ಪ ಕಣ್ಣು ಮುಚ್ಚಿಕೊಂಡ. ಗೋಂದು ಮಾತ್ರ ಮರಳಿನಲ್ಲಿ ಮೊಣಕಾಲೂರಿ ಚೂರುಗಳನ್ನು ತಿರುಗಿಸಿ ನೋಡುತ್ತಿದ್ದಳು. ಥಟ್ಟನೆ ತಲೆ ಎತ್ತಿ ಕೂಗಿದಳು: "ಅಪ್ಪಾ, ಅಂಟು ಬಿಟ್ಟಿಲ್ಲ! ಕಡ್ಡೀನೇ ಮುರಿದಿರೋದು! ನನ್ನ ಜೋಡಣೆ ಒಂದೂ ಬಿಟ್ಟಿಲ್ಲ!"

ಅಪ್ಪ ಎಲ್ಲರನ್ನೂ ದಾಟಿ ಮುಂದೆ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ನಿಜ. ಮರವೇ ಸೀಳಿತ್ತು, ಅಂಟು ಹಾಗೇ ಇತ್ತು. ಅವನಿಗೆ ಕೆಲಸ ಕಲಿಯುವಾಗ ಈ ಹದ ಬರಲು ಬಹಳ ಕಾಲ ಹಿಡಿದಿತ್ತು. "ಅಬ್ಬಾ," ಎಂದ.

ಗೆದ್ದದ್ದು ವೆಲ್ಡರನ ಮಗಳು. ತ್ರಿಕೋನ ತ್ರಿಕೋನವಾಗಿ ಹೆಣೆದಿದ್ದ ಅವಳ ಸೇತುವೆ, ಬಕೆಟ್ ತುಂಬಿ ತುಳುಕಿದರೂ ಮಿಸುಕಲಿಲ್ಲ. ಅವಳು ಅದನ್ನು ತಾನೇ ಕಟ್ಟಿದ್ದಳು. ಬೆರಳ ತುಂಬ ಅಂಟಿನ ಕಲೆ. ಗೋಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, "ಆ ತ್ರಿಕೋನ ಹೇಗೆ ಕೂರಿಸಿದೆ? ನಂಗೂ ತೋರಿಸೇ," ಎಂದು ಅವಳ ಬೆನ್ನು ಹತ್ತಿದಳು. ಅಪ್ಪ ವೆಲ್ಡರನ ಕೈ ಕುಲುಕಿದ. ಸ್ವಲ್ಪ ಅಸೂಯೆಯಾದದ್ದು ಸುಳ್ಳಲ್ಲ, ಆದರೆ ಕುಲುಕಿದ್ದು ಮನಸಾರೆ.

ಭಾನುವಾರ ಆರಾಧನೆಯ ಕೊನೆಯಲ್ಲಿ ಪಾದ್ರಿಗಳು, "ದೇವರಿಗೆ ಕೃತಜ್ಞತೆ ಹೇಳುವವರು ಯಾರಾದರೂ ಇದ್ದೀರಾ?" ಎಂದು ಎಂದಿನಂತೆ ಕೇಳಿದರು. ಅಪ್ಪ ಎದ್ದು ನಿಂತ.

"ನನ್ನ ಮಗಳ ಸೇತುವೆ ಮುರಿದುಹೋಯ್ತು," ಎಂದ ಗಟ್ಟಿಯಾಗಿ. "ಅದಕ್ಕೆ ದೇವರಿಗೆ ಸ್ತೋತ್ರ!"

ಸಭೆಗೆ ಗಲಿಬಿಲಿಯಾಯಿತು. ಪಾದ್ರಿಗಳು ಕನ್ನಡಕದ ಮೇಲಿಂದ ನೋಡಿದರು. ಅಪ್ಪ ಬಿಡಲಿಲ್ಲ. ಮುರಿದದ್ದು ಎಲ್ಲಿ, ಮುರಿಯದ್ದು ಯಾವುದು, ಎಲ್ಲವನ್ನೂ ಕೈ ಆಡಿಸಿ ವಿವರಿಸತೊಡಗಿದ. ಅಮ್ಮ ತಲೆ ತಗ್ಗಿಸಿದಳು. ಅಜ್ಜಿ ಅವನ ಅಂಗಿ ಜಗ್ಗಿ, "ಸಾಕು, ಕೂತ್ಕೊಳ್ಳೋ," ಎಂದಳು. ಗೋಂದು ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದಳು. ಕಿವಿಗಳೆರಡೂ ಖುಷಿಗೆ ಕೆಂಪಾಗಿದ್ದವು.

ಅಪ್ಪ ಕೂತದ್ದೇ ತಡ, ಪಕ್ಕದಲ್ಲಿ ವೆಲ್ಡರ್ ಎದ್ದ.

"ನಮ್ಮ ಹುಡುಗೀದು ಮುರೀಲಿಲ್ಲ," ಎಂದ. "ಅದಕ್ಕೂ ಸ್ತೋತ್ರ ಆಗಬಹುದಲ್ವಾ ಅಯ್ಯನವರೇ?"

ಎಲ್ಲರಿಗಿಂತ ಮೊದಲು ನಕ್ಕದ್ದು ಪಾದ್ರಿಗಳೇ.